ಕರಾವಳಿಯ ಕಾರಿಗೆ ತುಕ್ಕು: ಯಾವ ಡಬ್ಬಿ ಯಾವ ಜಾಗಕ್ಕೆ

ಮಲ್ಪೆ ಬಂದರಿನಿಂದ ಹೊರಟ ಮೀನಿನ ಲಾರಿಯ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಐಸು ಕರಗಿದ ಉಪ್ಪುನೀರು ಕಾರಿನ ಹೊಟ್ಟೆಗೆ, ಮಡ್‌ಗಾರ್ಡಿನ ಒಳಗೆ, ಬಾಗಿಲ ಕೆಳ ಅಂಚಿಗೆ ಎರಚಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ರಾತ್ರಿ ಗಾಳಿಯ ತೇವ ಹೀರಿಕೊಂಡು ಮತ್ತೆ ಒದ್ದೆಯಾಗುತ್ತದೆ. ಕಾರವಾರದಿಂದ ಉಳ್ಳಾಲದವರೆಗೆ ಒಂದು ಹನಿ ಮಳೆ ಬಾರದ ಜನವರಿಯಲ್ಲೂ ಗಾಡಿಗಳು ತುಕ್ಕು ಹಿಡಿಯುತ್ತಲೇ ಇರುವುದು ಹೀಗೆ. ಆದ್ದರಿಂದ ಯಾವ ಔಷಧಿಗೂ ಮುಂಚೆ ಬೇಕಾದದ್ದು ಸಿಹಿನೀರು. ವಾರಕ್ಕೊಮ್ಮೆ ಪೈಪಿನಿಂದ ಕಾರಿನ ಅಡಿಗೆ ನೀರು ಹಾಯಿಸುವವರ ಗಾಡಿ, ದುಬಾರಿ ಕೋಟಿಂಗ್ ಮಾಡಿಸಿ ಸುಮ್ಮನೆ ಕೂತವರ ಗಾಡಿಗಿಂತ ಚೆನ್ನಾಗಿ ಉಳಿಯುತ್ತದೆ.

ಅಂಗಡಿಗೆ ಹೋದರೆ ಗೊಂದಲ ಶುರು. ರಸ್ಟ್ ಕನ್ವರ್ಟರ್, ರೆಡ್ ಆಕ್ಸೈಡ್, ಝಿಂಕ್ ಸ್ಪ್ರೇ, ಎಪಾಕ್ಸಿ ಪ್ರೈಮರ್, ರಬ್ಬರ್ ಕೋಟಿಂಗ್, ಕ್ಯಾವಿಟಿ ವ್ಯಾಕ್ಸ್ (ಟೊಳ್ಳುಗಳಿಗೆ ಹೊಡೆಯುವ ಮೇಣ), ಎಲ್ಲದರ ಮೇಲೂ ತುಕ್ಕು ತಡೆಯುತ್ತದೆ ಎಂದೇ ಬರೆದಿರುತ್ತದೆ. ಯಾವುದೂ ಸುಳ್ಳಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಜಾಗ. ಡಬ್ಬಿ ಕೈಗೆತ್ತಿಕೊಂಡಾಗ ಮೂರು ಪ್ರಶ್ನೆ ಕೇಳಿ. ಇದರ ಕೆಳಗೆ ಏನಿರಬೇಕು, ತುಕ್ಕೋ, ಬೆಳ್ಳಗೆ ಉಜ್ಜಿದ ಕಬ್ಬಿಣವೋ, ಗಟ್ಟಿ ಬಣ್ಣವೋ? ಇದು ಒಣಗಿ ಕಲ್ಲಾಗುತ್ತದೆಯೋ, ಮೆತ್ತಗೆ ಉಳಿಯುತ್ತದೆಯೋ? ಬಿಸಿಲು ಮತ್ತು ಕಲ್ಲೇಟು ತಡೆಯುತ್ತದೆಯೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ಮುಗಿದ ಹಾಗೆ.

ಮೊದಲಿಗೆ ರಸ್ಟ್ ಕನ್ವರ್ಟರ್. ಹೆಚ್ಚು ಮಾರಾಟವಾಗುವುದೂ ಅದೇ, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಅದೇ. ಇದಕ್ಕೆ ಕೆಳಗೆ ತುಕ್ಕೇ ಇರಬೇಕು. ಫಳಫಳ ಹೊಳೆಯುವ ತಗಡಿನ ಮೇಲೆ ಹಚ್ಚಿದರೆ ಅದಕ್ಕೆ ಕೆಲಸವೇ ಇಲ್ಲ. ಇದರಲ್ಲಿ ಎರಡು ಜಾತಿ. ಒಂದು ಟ್ಯಾನಿನ್ ಆಮ್ಲದ್ದು. ಹಸಿ ಅಡಿಕೆ ಹೋಳು ಮಾಡಿದ ಕತ್ತಿ, ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಸ್ವಲ್ಪ ಹೊತ್ತಿಗೆ ಕಪ್ಪಾಗುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಸೇರಿ ಆಗುವ ಕಪ್ಪು ಅದು. ಡಬ್ಬಿಯ ಕನ್ವರ್ಟರ್ ಮಾಡುವುದೂ ಇದನ್ನೇ, ಜತೆಗೆ ಒಣಗಿದಾಗ ಪದರವಾಗಿ ಹಿಡಿದುಕೊಳ್ಳುವ ಲ್ಯಾಟೆಕ್ಸ್ ಅಂಟು ಬೆರೆಸಿರುತ್ತಾರೆ. ಆ ಅಂಟು ಇಲ್ಲದ ಕಾರಣ ಮನೆಯ ಅಡಿಕೆ ಚೊಗರನ್ನು ಬಳಿದರೆ ಬಣ್ಣ ಕಪ್ಪಾಗುತ್ತದೆ, ರಕ್ಷಣೆ ಸಿಗುವುದಿಲ್ಲ. ಇನ್ನೊಂದು ಜಾತಿ ಫಾಸ್ಫಾರಿಕ್ ಆಮ್ಲದ್ದು, ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ದೆಹಲಿಯ ಕಬ್ಬಿಣದ ಕಂಬ ಇಷ್ಟು ಶತಮಾನ ತಡೆದುಕೊಂಡಿರುವುದಕ್ಕೆ ಅದರಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೈಮೇಲೆ ಫಾಸ್ಫೇಟ್ ಪದರ ಕಟ್ಟಿದ್ದೇ ಮುಖ್ಯ ಕಾರಣವೆಂದು ಲೋಹತಜ್ಞರು ವಿವರಿಸಿದ್ದಾರೆ. ಆದರೆ ಡಬ್ಬಿಯ ಆಮ್ಲ ಕಟ್ಟುವ ಪದರ ತೀರ ತೆಳು, ಮೇಲೆ ಬಣ್ಣ ಬೇಕೇ ಬೇಕು.

ಎರಡರಲ್ಲೂ ಎಡವಟ್ಟಾಗುವ ಜಾಗಗಳು ಬೇರೆ ಬೇರೆ. ಟ್ಯಾನಿನ್ ಜಾತಿಯದು ತುಕ್ಕಿನ ತೆಳು ಪದರಕ್ಕಷ್ಟೇ ಇಳಿಯುತ್ತದೆ. ಹಕ್ಕಳೆ ಎದ್ದ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಹಕ್ಕಳೆ ಮಾತ್ರ ಕಪ್ಪಾಗಿ, ಅಡಿಯಲ್ಲಿ ಕೆಂಪು ತುಕ್ಕು ಹಾಗೇ ಮುಂದುವರಿಯುತ್ತದೆ. ಬಿಸಿಲಲ್ಲಿ ಕಾದ ತಗಡಿಗೆ ಹಚ್ಚಬಾರದು, ಒಳಗಿಳಿಯುವ ಮೊದಲೇ ಮೇಲ್ಮೈ ಒಣಗಿಬಿಡುತ್ತದೆ. ಬ್ರಷ್ಷನ್ನು ಬಾಟಲಿಗೇ ಅದ್ದಬೇಡಿ. ಬ್ರಷ್ಷಿಗೆ ಅಂಟಿದ ತುಕ್ಕಿನ ಪುಡಿ ಒಳಗೆ ಸೇರಿದರೆ ಇಡೀ ಬಾಟಲಿ ಕಪ್ಪಾಗಿ ಕೆಡುತ್ತದೆ. ಎರಡು ಚಮಚ ಪ್ಲಾಸ್ಟಿಕ್ ಮುಚ್ಚಳಕ್ಕೆ ಸುರಿದುಕೊಂಡು ಹಚ್ಚಿ, ಉಳಿದದ್ದನ್ನು ಎಸೆಯಿರಿ. ಒಂದು ಕಾರಿನ ಚಿಲ್ಲರೆ ಕೆಲಸಕ್ಕೆ 250 ಮಿ.ಲೀ. ಧಾರಾಳ. ಫಾಸ್ಫಾರಿಕ್ ಜಾತಿಯದರಲ್ಲಿ ಒಣಗಿದ ಮೇಲೆ ಬಿಳಿ ಪುಡಿ ಅಥವಾ ಅಂಟಂಟು ಉಳಿದರೆ ಅದು ಕೆಲಸ ಮಾಡದೆ ಉಳಿದ ಆಮ್ಲ. ಅದರ ಮೇಲೆ ಎಪಾಕ್ಸಿ ಹೊಡೆದರೆ ಆಮ್ಲವು ಹಾರ್ಡನರ್ (ಎಪಾಕ್ಸಿಯನ್ನು ಗಟ್ಟಿಮಾಡುವ ಎರಡನೇ ದ್ರವ) ಜತೆ ಸೇರಿ, ಎಪಾಕ್ಸಿ ಲೋಹಕ್ಕೆ ತಾಗುವ ಕಡೆಯೇ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆರು ತಿಂಗಳಲ್ಲಿ ಬಣ್ಣ ಹಾಳೆಯಂತೆ ಎದ್ದು ಬರುತ್ತದೆ. ತೊಳೆಯಬೇಕೋ ಬೇಡವೋ ಎಂಬುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ, ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು.

ಇನ್ನು ಬೆಳ್ಳಗೆ ಉಜ್ಜಿದ ಕಬ್ಬಿಣದ ಮೇಲೆ ಕೂರುವಂಥವು. ಝಿಂಕ್ ಸ್ಪ್ರೇ ಕೆಲಸ ಮಾಡುವುದು ತಾನು ಸವೆದು ಕಬ್ಬಿಣವನ್ನು ಉಳಿಸಿ. ಅದಕ್ಕೆ ಸತುವಿನ ಪುಡಿ ಲೋಹಕ್ಕೆ ನೇರವಾಗಿ ತಾಗಿರಬೇಕು. ಕನ್ವರ್ಟರ್ ಹಚ್ಚಿ ಅದರ ಮೇಲೆ ಝಿಂಕ್ ಹೊಡೆಯುವುದನ್ನು ಬಹಳ ಗ್ಯಾರೇಜುಗಳಲ್ಲಿ ಕಾಣಬಹುದು, ದುಪ್ಪಟ್ಟು ರಕ್ಷಣೆ ಎಂಬ ನಂಬಿಕೆಯಿಂದ. ನಡುವೆ ಲ್ಯಾಟೆಕ್ಸ್ ಪದರ ಬಂದಮೇಲೆ ಸತು ಬರಿಯ ಬೂದುಬಣ್ಣವಷ್ಟೇ. ಗುಂಡಿಬಿದ್ದ ಹಳೆ ತುಕ್ಕಿಗೆ ಕನ್ವರ್ಟರ್, ಪೂರ್ತಿ ಬೆಳ್ಳಗಾದ ತಗಡಿಗೆ ಮತ್ತು ವೆಲ್ಡ್ ಮಾಡಿದ ಜಾಗಕ್ಕೆ ಝಿಂಕ್; ಒಂದನ್ನು ಆರಿಸಿ, ಒಂದರ ಮೇಲೊಂದು ಬೇಡ.

ಎಪಾಕ್ಸಿ ಪ್ರೈಮರಿನಲ್ಲಿ ಎರಡು ಡಬ್ಬಿ ಸೇರಿಸಿ ಕಲಸುವುದೇ ಸರಿಯಾದದ್ದು. ಒಂದೇ ಕ್ಯಾನಿನಲ್ಲಿ ಬರುವ, ಹಾರ್ಡನರ್ ಇಲ್ಲದ ಎಪಾಕ್ಸಿ ಸ್ಪ್ರೇ ಅಷ್ಟು ಗಟ್ಟಿಯಲ್ಲ. ಕ್ಯಾನಿನ ಬುಡದಲ್ಲಿ ಗುಂಡಿ ಒತ್ತಿ ಹಾರ್ಡನರ್ ಒಡೆಯುವ ವ್ಯವಸ್ಥೆ ಇದ್ದರೆ ಅದು ನಿಜವಾದ ಎರಡು ಭಾಗದ್ದು, ಒಮ್ಮೆ ಒಡೆದರೆ ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು. ಅವಧಿಯನ್ನು ಸಾಮಾನ್ಯವಾಗಿ 20 ಅಥವಾ 25 ಡಿಗ್ರಿಗೆ ಲೆಕ್ಕಹಾಕಿ ಬರೆದಿರುತ್ತಾರೆ. ಉಷ್ಣತೆ 10 ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಅನ್ನುವುದನ್ನು ಮಂಗಳೂರಿನ ಮಾರ್ಚ್ ತಿಂಗಳಲ್ಲಿ ಕಲಸುವವರು ನೆನಪಿಡಬೇಕು. ಎಪಾಕ್ಸಿಗೆ ಬಿಸಿಲು ಆಗದು, ಪುಡಿಪುಡಿಯಾಗುತ್ತದೆ. ಮೇಲೆ ಬಣ್ಣ ಬೀಳಬೇಕು. ಪಿಒಆರ್-15 ಥರದ, ತುಕ್ಕಿನ ಮೇಲೇ ಬಳಿಯುವ ಗಟ್ಟಿ ಯುರೆಥೇನ್ ಬಣ್ಣಗಳಿಗೂ ಬಿಸಿಲು ಆಗುವುದಿಲ್ಲ. ಅವು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥವು, ಡಬ್ಬಿಯ ಬಾಯಿಗೆ ಬಣ್ಣ ಮೆತ್ತಿದ್ದರೆ ಮುಚ್ಚಳ ಮತ್ತೆ ತೆಗೆಯಲು ಬರುವುದಿಲ್ಲ. ಬಾಯಿ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ.

ರೆಡ್ ಆಕ್ಸೈಡ್ ಮನೆಯ ಗೇಟಿಗೆ, ಕಿಟಕಿಯ ಸರಳಿಗೆ ಇರಲಿ. ಅದರ ಕೆಂಪು ಸ್ವತಃ ಕಬ್ಬಿಣದ ಆಕ್ಸೈಡೇ. ತಡೆಯುವುದು ಅಂಟಿನ ಪದರ ಮಾತ್ರ, ಮತ್ತು ಆ ಪದರ ನೀರಾವಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಕಲ್ಲು ಬಡಿಯುವ ಮಡ್‌ಗಾರ್ಡಿಗೆ ಅದು ಸಾಲದು.

ಈಗ ಒಂದು ಜಾಗವನ್ನು ಹತ್ತಿರದಿಂದ ನೋಡೋಣ: ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಗುಳ್ಳೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಮೇಲಕ್ಕೆ ದೂಡುತ್ತದೆ. ಗುಳ್ಳೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ. ತುದಿ ಒಳಗೆ ಹೊಕ್ಕರೆ ತಗಡು ತೂತಾಗಿದೆ, ಅಲ್ಲಿಗೆ ಈ ಕೆಲಸ ನಿಲ್ಲಿಸಿ ಟಿಂಕರಿಂಗ್‌ನವರ ಹತ್ತಿರ ಹೋಗಬೇಕು. ಗಟ್ಟಿಯಿದ್ದರೆ 80 ನಂಬರಿನ ಎಮರಿ ಕಾಗದದಿಂದ ಉಜ್ಜಿ. ಕಾಣುವ ತುಕ್ಕಿನ ಗಡಿಯಲ್ಲಿ ನಿಲ್ಲಬೇಡಿ. ಬಣ್ಣದಡಿಯಲ್ಲಿ ಅದು ಬಳ್ಳಿಯಂತೆ ಹರಿದಿರುತ್ತದೆ, ಸುತ್ತಲೂ ಒಳ್ಳೆ ಲೋಹ ಕಾಣುವವರೆಗೆ, ಕನಿಷ್ಠ 2 ಸೆಂ.ಮೀ. ಆಚೆಗೂ ಹೋಗಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒತ್ತಿ ಹಿಡಿದರೆ ತುಕ್ಕು ಹೋಗುವುದಕ್ಕಿಂತ ಹೆಚ್ಚಾಗಿ ಪಾಲಿಶ್ ಆಗುತ್ತದೆ. ಕಂದುಬಣ್ಣದ ಹೊಳಪು ಬಂದರೆ ಮೋಸಹೋಗಬೇಡಿ. ಆಮೇಲೆ 120, ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗದಿರಲು 320.

ಇಷ್ಟಾದಾಗ ಬೆಳ್ಳನೆ ತಗಡಿನ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು ಉಳಿದಿರುತ್ತವೆ. ಕರಾವಳಿಯಲ್ಲಿ ಕೆಲಸ ಕೆಡುವುದು ಈ ಚುಕ್ಕಿಗಳಲ್ಲೇ, ಏಕೆಂದರೆ ಅವುಗಳ ತಳದಲ್ಲಿ ಉಪ್ಪು ಕೂತಿರುತ್ತದೆ. ಉಜ್ಜಿದರೆ ಅದು ಹೋಗದು, ಕರಗಿಸಿಯೇ ತೆಗೆಯಬೇಕು. ಶುದ್ಧ ಸಿಹಿನೀರು, ನೈಲಾನ್ ಬ್ರಷ್, ಮೂರು ಸಲ ತೊಳೆತ. ಪ್ರತಿ ಸಲವೂ ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರಿನಿಂದ ಒಣಗಿಸಿ. ಆಮೇಲೆ ಒಂದು ಗಂಟೆ ಏನೂ ಮಾಡದೆ ಬಿಡಿ. ಅದೇ ಚುಕ್ಕಿಗಳಲ್ಲಿ ಹೊಸ ಕಂದು ಹನಿ ಮೂಡಿದರೆ ಉಪ್ಪು ಇನ್ನೂ ಇದೆ, ಮತ್ತೆ ತೊಳೆಯಿರಿ. ಇಡೀ ತಗಡಿನ ಮೇಲೆ ಒಂದೇ ಸಮ ತೆಳು ಹಳದಿ ಬಂದರೆ ಅದು ಗಾಳಿಯ ತೇವದ್ದು, 180ರ ಕಾಗದದಿಂದ ಒಮ್ಮೆ ಸವರಿದರೆ ಹೋಗುತ್ತದೆ. ಈ ಒಂದು ಗಂಟೆಯ ತಾಳ್ಮೆ ಇಲ್ಲದ ಕಡೆ ಯಾವ ವಿದೇಶಿ ಡಬ್ಬಿಯೂ ಎರಡು ಮಳೆಗಾಲ ದಾಟಿಸುವುದಿಲ್ಲ.

ಚುಕ್ಕಿಗಳಿಗೆ ಮಾತ್ರ ಸಣ್ಣ ಬ್ರಷ್ಷಿನಿಂದ ಕನ್ವರ್ಟರ್ ಮುಟ್ಟಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. 24 ಗಂಟೆ ಬಿಡಿ. ಮರುದಿನ ಹದವಾಗಿ ಉಜ್ಜಿ, ಆಲ್ಕೋಹಾಲಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ. ಎನ್‌ಸಿ ಥಿನ್ನರ್ (ಬಣ್ಣ ತೆಳುಮಾಡುವ ದ್ರಾವಕ) ಬೇಡ, ಲ್ಯಾಟೆಕ್ಸ್ ಪದರ ಮೆದುವಾಗುತ್ತದೆ. ಆಮೇಲೆ ಎಪಾಕ್ಸಿ ಎರಡು ಕೋಟು. ಗುಂಡಿ ತುಂಬಲು ಪುಟ್ಟಿ ಬೇಕೇ ಬೇಕೆಂದಿದ್ದರೆ ಅದು ಎಪಾಕ್ಸಿಯ ಮೇಲೆ ಬರಲಿ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಬರಿ ತಗಡಿನ ಮೇಲೆ ಮೆತ್ತಿದರೆ ಹೀರಿದ ನೀರನ್ನು ಕಬ್ಬಿಣಕ್ಕೇ ಉಣಿಸುತ್ತದೆ. ಕೊನೆಗೆ ಬಣ್ಣ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟು. ಕೆಲಸ ಇಲ್ಲಿಗೆ ಮುಗಿಯಿತೆಂದು ಬಹುತೇಕರು ಎದ್ದುಬಿಡುತ್ತಾರೆ. ಆದರೆ ಗುಳ್ಳೆ ಹುಟ್ಟಿದ್ದು ಅನೇಕ ಸಲ ಅಂಚಿನ ಒಳಮಗ್ಗುಲಿನಿಂದ, ಅಲ್ಲಿ ಎರಡು ತಗಡು ಜೋಡಿಸಿದ ಸಂದಿಯಿದೆ. ಆ ಸಂದಿಗೆ ಮೇಣ ಹೋಗಬೇಕು.

ಇದಕ್ಕೆಲ್ಲ ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಣ್ಣದ ಕೆಲಸ ಬೇಡ. ತಗಡಿನ ಬಿಸಿ ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ಕೈಗಾರಿಕಾ ಪೇಂಟಿಂಗಿನ ನಿಯಮ. ಮಳೆಗಾಲದ ಕರಾವಳಿಯಲ್ಲಿ ಅದು ಸಿಗುವುದೇ ಕಷ್ಟ. ಡಿಸೆಂಬರ್, ಜನವರಿಯಲ್ಲಿ, ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 11ರಿಂದ 3ರ ನಡುವೆ, ನೆರಳಿನಲ್ಲಿ.

ಕಾರಿನ ಅಡಿಭಾಗದ ವಿಷಯಕ್ಕೆ ಬಂದರೆ, ಹೊಸ ಗಾಡಿ ಕೊಂಡಾಗ ಕಪ್ಪು ಕೋಟಿಂಗ್ ಒಂದನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುತ್ತಾರೆ. ಅದು ಹೆಚ್ಚಾಗಿ ಡಾಂಬರು ಅಥವಾ ರಬ್ಬರು ಜಾತಿಯದು. ಒಣಗಿ ಗಟ್ಟಿಯಾಗುತ್ತದೆ, ಕಲ್ಲೇಟು ಚೆನ್ನಾಗಿ ತಡೆಯುತ್ತದೆ. ವರ್ಷಗಳು ಕಳೆದಂತೆ ಸೀಳು ಬಿಡುತ್ತದೆ. ಕೂದಲೆಳೆಯಷ್ಟು ಸೀಳಿನಿಂದ ಒಳಹೋದ ಉಪ್ಪುನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಂತು ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಕಪ್ಪಗೆ ಚೆಂದವಾಗಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಒಂದೇ ಸಮ ಗಟ್ಟಿ ಸದ್ದು ಬಂದರೆ ಸರಿ. ಒಂದು ಕಡೆ ಪೊಳ್ಳು ಸದ್ದು ಬಂದು ಕೋಟಿಂಗ್ ಅಲುಗಿದರೆ ಕೆರೆದು ನೋಡಲೇಬೇಕು. ಈಗಾಗಲೇ ತುಕ್ಕು ಇರುವ ಅಡಿಭಾಗಕ್ಕೆ ರಬ್ಬರ್ ಕೋಟಿಂಗ್ ಹೊಡೆಯುವುದಕ್ಕಿಂತ ಸುಮ್ಮನೆ ಬಿಡುವುದೇ ಮೇಲು, ಕಣ್ಣಿಗಾದರೂ ಕಾಣುತ್ತಿರುತ್ತದೆ.

ನಮ್ಮ ಆಯ್ಕೆ ಮೇಣ. ಅದು ಪೂರ್ತಿ ಗಟ್ಟಿಯಾಗುವುದಿಲ್ಲ, ಕಲ್ಲು ಗೀರಿದರೂ ಸೆಖೆಗೆ ಸ್ವಲ್ಪ ಹರಿದು ಗೀರನ್ನು ಮುಚ್ಚಿಕೊಳ್ಳುತ್ತದೆ. ಇದರಲ್ಲಿ ತೆಳ್ಳಗಿನದು ಟೊಳ್ಳುಗಳಿಗೆ: ಬಾಗಿಲ ಒಳಗೆ, ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯೊಳಗೆ, ಜೀಪು ಮತ್ತು ಬೊಲೆರೊ ಥರದ ಗಾಡಿಯಾದರೆ ಚಾಸಿಯ ಒಳಗೆ. ದಪ್ಪನೆಯದು ಹೊರ ಅಡಿಭಾಗಕ್ಕೆ. ಸಣ್ಣ ಕಾರಿಗೆ ಸುಮಾರು ದಪ್ಪನೆಯದು 3 ಲೀಟರ್, ತೆಳ್ಳನೆಯದು 2 ಲೀಟರ್ ಇಟ್ಟುಕೊಳ್ಳಿ. ಫ್ಲೂಯಿಡ್ ಫಿಲ್ಮ್ ಥರದ, ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಎಣ್ಣೆಗಳು ಕೊನೆಯವರೆಗೂ ಹಸಿಯಾಗೇ ಇದ್ದು ಸಂದಿಗಳಿಗೆ ಚೆನ್ನಾಗಿ ತೆವಳುತ್ತವೆ. ಆದರೆ ಚಕ್ರದ ನೀರು ಬಡಿಯುವಲ್ಲಿ ತೊಳೆದುಹೋಗುತ್ತವೆ, ವರ್ಷಕ್ಕೊಮ್ಮೆ ಹಚ್ಚಬೇಕು. ಹಳೆಯ, ಈಗಾಗಲೇ ತುಕ್ಕಿರುವ ಟೊಳ್ಳಿಗೆ ಎಣ್ಣೆ; ಹೊಸದಕ್ಕೆ ಮೇಣ.

ಹೊಡೆಯುವ ಮೊದಲು ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಪ್ಲಾಸ್ಟಿಕ್ ಮರೆ ಬಿಚ್ಚಿ. ಅದರ ಹಿಂದಿನ ಮೂಲೆಯಲ್ಲಿ ಹಿಡಿಯಷ್ಟು ಒದ್ದೆ ಮಣ್ಣು, ಕೊಳೆತ ಎಲೆ ಸಿಗುತ್ತದೆ. ಬೇಸಿಗೆಯಲ್ಲೂ ಅದು ಆರಿರುವುದಿಲ್ಲ. ಅಡಿಭಾಗವನ್ನು ಎರಡು ಸುತ್ತು ವಾಟರ್ ಸರ್ವಿಸ್ ಮಾಡಿಸಿ, ಎರಡು ದಿನ ಪೂರ್ತಿ ಒಣಗಲು ಬಿಡಿ. ಬೆಳಿಗ್ಗೆ ತೊಳೆದು ಸಂಜೆ ಕೋಟಿಂಗ್ ಮಾಡಿ ಕೊಡುವ ಕಡೆ ನೀರನ್ನು ಒಳಗಿಟ್ಟು ಮೊಹರು ಹಾಕಿದಂತೆ. ಬ್ರೇಕ್ ಡಿಸ್ಕ್, ಕ್ಯಾಲಿಪರ್, ಸೈಲೆನ್ಸರ್, ಆಕ್ಸಿಜನ್ ಸೆನ್ಸರ್, ಆಕ್ಸಲಿನ ರಬ್ಬರ್ ಬೂಟು, ಬುಶ್ಶುಗಳು ಎಲ್ಲಕ್ಕೂ ಪ್ಲಾಸ್ಟಿಕ್ ಕಟ್ಟಿ. ಎಣ್ಣೆ ತಾಗಿದರೆ ಹಲವು ಜಾತಿಯ ರಬ್ಬರು ಉಬ್ಬುತ್ತದೆ. ಟೊಳ್ಳಿಗೆ ಒಂದು ಮೀಟರ್ ಉದ್ದದ, ಸುತ್ತಲೂ ಚಿಮ್ಮುವ ಮೂತಿಯ ನಳಿಕೆ ಬೇಕು. ಕೊನೆಯವರೆಗೆ ತೂರಿಸಿ, ಒತ್ತುತ್ತಾ ನಿಧಾನವಾಗಿ ಹಿಂದಕ್ಕೆಳೆಯಿರಿ. ಚಳಿ ದೇಶದವರು ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುಮಾಡುತ್ತಾರೆ, ನಮ್ಮ ಸೆಖೆಗೆ ಅದು ಬೇಡ.

ಎಲ್ಲಕ್ಕಿಂತ ಮುಖ್ಯ, ಬಾಗಿಲ ಕೆಳ ಅಂಚಿನಲ್ಲಿರುವ ನೀರಿಳಿಯುವ ರಂಧ್ರಗಳು. ಕಿಟಕಿ ಗಾಜಿನಿಂದ ಇಳಿದ ಮಳೆನೀರೆಲ್ಲ ಬಾಗಿಲ ಒಳಗೇ ಹೋಗಿ ಈ ರಂಧ್ರಗಳಿಂದ ಹೊರಬರುವಂತೆ ಮಾಡಿರುತ್ತಾರೆ. ಅಲ್ಲೇ ಹೊರತಗಡು ಒಳತಗಡಿನ ಮೇಲೆ ಮಡಚಿ ಕೂತಿರುವ ಮಡಿಕೆಯೂ ಇದೆ. ರಂಧ್ರ ಕಟ್ಟಿದರೆ ನೀರು ಆ ಮಡಿಕೆಗೆ ಇಂಗುತ್ತದೆ. ಕೋಟಿಂಗ್ ಆದ ಮರುದಿನ ಪ್ರತಿ ರಂಧ್ರಕ್ಕೂ ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ನೋಡಿ. ಕಬ್ಬಿಣದ ತಂತಿ ಹಾಕಿದರೆ ಅಂಚಿನ ಬಣ್ಣ ಕಿತ್ತು ಅಲ್ಲೇ ಹೊಸ ತುಕ್ಕು ಶುರುವಾಗುತ್ತದೆ.

ತುಕ್ಕು ಒಳಗಿನಿಂದಲೂ ಬರುತ್ತದೆ. ಕಾರ್ಪೆಟ್ಟಿನ ಮೇಲೆ ಹೊಲಿಸುವ ರೆಕ್ಸಿನ್ ಲ್ಯಾಮಿನೇಶನ್ ಕೆಸರು ತಡೆಯುತ್ತದೆ, ಹೌದು. ಆದರೆ ಏಸಿಯ ನೀರಿನ ಪೈಪು ಕಟ್ಟಿಕೊಂಡು ಎಡಗಡೆಯ ಕಾಲಿನ ಜಾಗಕ್ಕೆ ನೀರು ಸುರಿದಾಗ, ಮೇಲೆ ರೆಕ್ಸಿನ್ ಒಣಗಿದ್ದು ಕೆಳಗೆ ಕಾರ್ಪೆಟ್ ತಿಂಗಳುಗಟ್ಟಲೆ ಒದ್ದೆಯಿರುತ್ತದೆ. ಗಬ್ಬುನಾತ ಬಂದರೆ ಸೆಂಟು ಹೊಡೆಯಬೇಡಿ, ರೆಕ್ಸಿನ್ ಎತ್ತಿ ಕೈಯಿಟ್ಟು ನೋಡಿ. ಮಡ್‌ಫ್ಲಾಪ್, ಕ್ಯಾರಿಯರ್ ಕೂರಿಸಲು ತೂತು ಕೊರೆದ ಕಡೆ ಬೋಲ್ಟ್ ಹಾಕುವ ಮುಂಚೆ ಬರಿ ಅಂಚಿಗೆ ಝಿಂಕ್ ಅಥವಾ ಎಪಾಕ್ಸಿ ಮುಟ್ಟಿಸಿ ಒಣಗಿಸಿ. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಕೊಳ್ಳಬಾರದವು, ಬಳಸಬಾರದವು ಕೆಲವಿವೆ. ಬಾತ್‌ರೂಮ್ ಆಸಿಡ್ ತುಕ್ಕನ್ನು ಕ್ಷಣದಲ್ಲಿ ತಿನ್ನುತ್ತದೆ, ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬಿಟ್ಟುಹೋಗುವ ಕ್ಲೋರೈಡು, ಸಮುದ್ರದ ಉಪ್ಪಿನಲ್ಲಿರುವ ಅದೇ ಶತ್ರು. ಅದರ ಹೊಗೆ ಶೆಡ್ಡಿನಲ್ಲಿರುವ ಸ್ಪ್ಯಾನರುಗಳಿಗೂ ತುಕ್ಕು ತರಿಸುತ್ತದೆ. ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ಹಳೆಯ ರೂಢಿ. ಅದರಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರು ಹಾಳಾಗುತ್ತದೆ, ತೊಟ್ಟಿಕ್ಕಿದ್ದು ಬಾವಿಯ ನೀರಿಗೆ ಸೇರುತ್ತದೆ. ಡಬ್ಲ್ಯೂಡಿ-40 ಒಳ್ಳೆಯ ಸರಕೇ, 1953ರಲ್ಲಿ ಅದನ್ನು ಮಾಡಿದ್ದು ಲೋಹದಿಂದ ನೀರನ್ನು ದೂಡಲು. ಅದರ ಬಹುಪಾಲು ಆರಿಹೋಗುವ ದ್ರವ, ಮಳೆಗಾಲ ಪೂರ್ತಿ ಕಾಯುವ ಪದರವನ್ನು ಅದರಿಂದ ನಿರೀಕ್ಷಿಸಬಾರದು. ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ತುಕ್ಕು ನಿರೋಧಕ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಉಕ್ಕಿನ ಬೋಟಿನ ತಳಕ್ಕೆ ಸತುವಿನ ಗಟ್ಟಿ ಕಟ್ಟಿದರೆ ಅದು ಕೆಲಸ ಮಾಡುತ್ತದೆ, ಏಕೆಂದರೆ ಎರಡನ್ನೂ ಒಂದೇ ಸಮುದ್ರದ ನೀರು ಸುತ್ತುವರಿದಿದೆ. ರಸ್ತೆಯ ಮೇಲಿನ ಕಾರಿನ ಸುತ್ತ ಇರುವುದು ಗಾಳಿ, ಅದರಲ್ಲಿ ತುಕ್ಕು ತಡೆಯುವ ವಿದ್ಯುತ್ತು ಹರಿಯಲು ದಾರಿಯಿಲ್ಲ.

ಚಾಸಿಯಲ್ಲಿ, ಸಸ್ಪೆನ್ಶನ್ ಕೂತ ಜಾಗದಲ್ಲಿ, ಸೀಟ್‌ಬೆಲ್ಟಿನ ಬುಡದಲ್ಲಿ ತಗಡು ತೂತಾಗಿದ್ದರೆ ಯಾವ ಡಬ್ಬಿಯ ಮಾತೂ ಬೇಡ; ಕತ್ತರಿಸಿ ಹೊಸ ಉಕ್ಕು ವೆಲ್ಡ್ ಮಾಡಿಸಬೇಕು. ಕಬ್ಬಿಣದ ಬ್ರೇಕ್ ಪೈಪಿನಲ್ಲಿ ಗುಂಡಿ ಬಿದ್ದಿದ್ದರೆ ಉಜ್ಜಬೇಡಿ, ಪೈಪು ಬದಲಿಸಿ. ವೆಲ್ಡಿಂಗ್ ಮೊದಲು, ಮೇಣ ಆಮೇಲೆ. ಮೇಣ ಹೊಡೆದ ಟೊಳ್ಳಿನ ಹತ್ತಿರ ವೆಲ್ಡ್ ಮಾಡಿದರೆ ಬೆಂಕಿ ಹತ್ತುತ್ತದೆ. ವೆಲ್ಡ್ ಆದ ಜಾಗದ ಒಳಮಗ್ಗುಲಿನ ಬಣ್ಣ ಸುಟ್ಟಿರುವುದರಿಂದ ಅಲ್ಲಿಗೆ ಎರಡು ಸಲ ಮೇಣ ಹೋಗಲಿ.

ಸ್ಕೂಟರಿನ ಸ್ಟ್ಯಾಂಡು, ಬ್ರಾಕೆಟ್ಟು, ಸಾದಾ ನಟ್ಟುಗಳಂಥ ಬಿಚ್ಚಬಹುದಾದ ಸಣ್ಣ ಭಾಗಗಳಿಗೆ ಅಗ್ಗದ ದಾರಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಲೀಟರ್ ನೀರಿಗೆ 50ರಿಂದ 100 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ತೊಳೆದು ಕೂಡಲೇ ಒಣಗಿಸಿ ಬಣ್ಣ ಅಥವಾ ಎಣ್ಣೆ ಕಾಣಿಸಿ. ತಡಮಾಡಿದರೆ ಕಣ್ಣೆದುರೇ ಹಳದಿಯಾಗುತ್ತದೆ. ಸತುವಿನ ಲೇಪ ಇರುವ ಭಾಗ ಹಾಕಬೇಡಿ, ಲೇಪವೂ ಕರಗುತ್ತದೆ. ಸ್ಪ್ರಿಂಗು ಮತ್ತು ಗಟ್ಟಿ ಉಕ್ಕಿನ ಬೋಲ್ಟು ಆಮ್ಲದಲ್ಲಿ ಬಿದ್ದರೆ ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯಬಹುದು, ಅವುಗಳನ್ನು ಕೈಯಿಂದಲೇ ಉಜ್ಜಬೇಕು. ಸೈಲೆನ್ಸರಿಗೆ ಕನ್ವರ್ಟರ್ ಹಚ್ಚಿ ಫಲವಿಲ್ಲ, ಲ್ಯಾಟೆಕ್ಸ್ ಸುಟ್ಟುಹೋಗುತ್ತದೆ. ಬೆಳ್ಳಗೆ ಉಜ್ಜಿ, 600 ಡಿಗ್ರಿ ತಡೆಯುವ ಸಿಲಿಕೋನ್ ಬಣ್ಣ ತೆಳುವಾಗಿ ಎರಡು ಕೋಟು ಹೊಡೆದು, ಒಣಗಿದ ಮೇಲೆ ಇಂಜಿನ್ ಹತ್ತು ನಿಮಿಷ ಓಡಿಸಿ ಆರಿಸಿ, ತಣಿದ ಮೇಲೆ ಮತ್ತೆ ಇಪ್ಪತ್ತು ನಿಮಿಷ ಓಡಿಸಿ. ಬಿಸಿ ತಾಗದೆ ಆ ಬಣ್ಣ ಗಟ್ಟಿಯಾಗುವುದಿಲ್ಲ.

ಮೇ ಮೊದಲ ವಾರ ಒಮ್ಮೆ ಕಾರಿನ ಕೆಳಗೆ ಟಾರ್ಚು ಹಿಡಿದು ಮಲಗಿ ನೋಡಿ. ಮೇಣ ಸವೆದು ಬಣ್ಣ ಕಾಣುವ ಜಾಗ ಸಾಮಾನ್ಯವಾಗಿ ಮುಂದಿನ ಚಕ್ರದ ಹಿಂಬದಿಯಲ್ಲೇ ಸಿಗುತ್ತದೆ. ಅಲ್ಲಿಗೆ ಬ್ರಷ್ಷಿನಿಂದ ಒಂದು ಕೈ ಮೇಣ, ಬಾಗಿಲ ರಂಧ್ರಗಳಿಗೆ ಕೇಬಲ್ ಟೈ, ಮಡ್‌ಗಾರ್ಡಿನ ಮೂಲೆಗೆ ಒಂದು ಬಕೆಟ್ ನೀರು. ಮುಂಗಾರಿಗೆ ಇನ್ನೂ ಮೂರು ನಾಲ್ಕು ವಾರ ಇರುತ್ತದೆ, ಒಣಗಲು ಅಷ್ಟು ಸಾಕು.